ಸುತ್ತುನೋಟವೂ ಬೆಳಕಿನ ಗಣನೆಯೂ

ಪೀಠಿಕೆ

ದೀಪವನ್ನು ಕೊಳಗದ ಕೆಳಗೆ ಇಡಬಾರದೆಂಬ ಬೋಧೆಯನ್ನು ಬೆಳಗಿನ ಪ್ರಾರ್ಥನೆಯಲ್ಲಿ ಕೇಳದ ವಿದ್ಯಾರ್ಥಿನಿಯು ನಮ್ಮ ಶಾಲೆಯಲ್ಲಿ ಇರಲಾರಳು. ದೀಪವನ್ನು ಎಲ್ಲಿ ಇಡಬೇಕೆಂಬುದು ಆತ್ಮಕ್ಕೆ ಸಂಬಂಧಿಸಿದ ಪ್ರಶ್ನೆಯಾಗಿರುವಂತೆಯೇ ಮನೆ ಕಟ್ಟುವವರಿಗೂ ಶಾಲೆ ಕಟ್ಟುವವರಿಗೂ ನಿತ್ಯದ ಪ್ರಶ್ನೆಯಾಗಿದೆ. ಕಿಟಕಿಯನ್ನು ಯಾವ ಗೋಡೆಯಲ್ಲಿ, ಎಷ್ಟು ಎತ್ತರದಲ್ಲಿ ಇಡಬೇಕು? ಕಡೆಯ ಸಾಲಿನಲ್ಲಿ ಕುಳಿತ ಹುಡುಗಿಯ ಪುಸ್ತಕದ ಮೇಲೆ ಮಳೆಗಾಲದ ಮಧ್ಯಾಹ್ನ ಎಷ್ಟು ಬೆಳಕು ಬೀಳುವುದು? ಗೋಡೆ ಎದ್ದ ಮೇಲೆ ಈ ಪ್ರಶ್ನೆಗಳನ್ನು ಕೇಳಿ ಪ್ರಯೋಜನವಿಲ್ಲ. ನಕ್ಷೆಯ ಮೇಲೆ ಕಿಟಕಿಯನ್ನು ಸರಿಸುವುದಕ್ಕೆ ಒಂದು ಗೆರೆಯನ್ನು ಅಳಿಸಿದರೆ ಸಾಕು. ಕಲ್ಲಿನ ಗೋಡೆಯಲ್ಲಿ ಸರಿಸುವುದಕ್ಕೆ ಹಣವೂ ಬೇಕು, ದಿನಗಳೂ ಬೇಕು.

ಆದಕಾರಣ ಕಟ್ಟಡವನ್ನು ಕಟ್ಟುವ ಮೊದಲೇ ಅದರೊಳಗಿನ ಬೆಳಕನ್ನು ಗಣಿಸುವ ಶಾಸ್ತ್ರವೊಂದು ಬೆಳೆದು ಬಂದಿದೆ. ಆ ಗಣನೆಯನ್ನು ಈಗ ಗಣಕಯಂತ್ರವು ಮಾಡುವುದು. ಫಲವನ್ನು ಸಾಮಾನ್ಯವಾಗಿ ಚಿತ್ರರೂಪದಲ್ಲಿ ಕೊಡುವುದು. ಆದರೆ ಚಿತ್ರವೆಂಬುದು ಚಪ್ಪಟೆಯಾದದ್ದು. ನಮ್ಮ ಸುತ್ತಲಿನ ಜಗತ್ತು ಹಾಗಲ್ಲ. ಮುಂದೆ, ಹಿಂದೆ, ಎಡಬಲ, ಮೇಲೆ, ಕೆಳಗೆ ಎಲ್ಲೆಡೆಯಿಂದಲೂ ಬೆಳಕು ಬರುವುದು. ಇದೆಲ್ಲವನ್ನೂ ಒಂದು ಹಾಳೆಯ ಮೇಲೆ ಇಳಿಸುವ ಬಗೆ ಹೇಗೆ? ಇಳಿಸುವಾಗ ಯಾವುದನ್ನು ಕಳೆದುಕೊಳ್ಳುವೆವು? ಈಗಿರುವ ತಂತ್ರಾಂಶಕ್ಕೆ ಹೊಸ ಬಗೆಯ ನೋಟವೊಂದನ್ನು ಸೇರಿಸುವುದು ನಮ್ಮಂಥವರಿಗೆ ಸಾಧ್ಯವೇ? ಶಿಕಾರಿಪುರ ಮತ್ತು ಸೊರಬ ಸೀಮೆಯ ಉದಾಹರಣೆಗಳಿಂದ ಇವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬೆಳಕನ್ನು ಎಣಿಸುವ ಬಗೆ

ಸೂರ್ಯನಿಂದಲೋ ದೀಪದಿಂದಲೋ ಹೊರಟ ಕಿರಣವು ಗೋಡೆಗೆ ತಗಲಿ, ಅಲ್ಲಿಂದ ನೆಲಕ್ಕೆ, ನೆಲದಿಂದ ಮತ್ತೊಂದು ಗೋಡೆಗೆ ಚಿಮ್ಮುತ್ತ ಹೋಗುವುದು. ತಗಲಿದ ಒಂದೊಂದು ಕಡೆಯಲ್ಲಿಯೂ ಸ್ವಲ್ಪ ಬೆಳಕು ನಷ್ಟವಾಗುವುದು. ಹೊಸದಾಗಿ ಸುಣ್ಣ ಬಳಿದ ಗೋಡೆಯು ತನ್ನ ಮೇಲೆ ಬಿದ್ದುದರಲ್ಲಿ ಮುಕ್ಕಾಲು ಪಾಲಿನಷ್ಟನ್ನು ಹಿಂದಿರುಗಿಸಬಲ್ಲದು. ಕಪ್ಪು ಕಲ್ಲು ಐದರಲ್ಲೊಂದು ಪಾಲನ್ನೂ ಕೊಡದಿರಬಹುದು. ಹೀಗೆ ಹೊರಟ ಕಿರಣಗಳಲ್ಲಿ ಬಹುಪಾಲು ನೋಡುವವರ ಕಣ್ಣಿಗೆ ಬಾರದೆಯೇ ಮುಗಿದುಹೋಗುವುವು. ಆದುದರಿಂದ ಗಣಕಯಂತ್ರವು ದಾರಿಯನ್ನು ತಿರುಗಿಸಿ ಹಿಡಿಯುವುದು. ಕಣ್ಣಿನಿಂದಲೇ ಒಂದು ಗೆರೆಯನ್ನು ಹೊರಡಿಸಿ, ಅದು ಯಾವ ವಸ್ತುವಿಗೆ ತಗಲುವುದೆಂದು ನೋಡಿ, ಆ ಸ್ಥಳಕ್ಕೆ ಸೂರ್ಯನಿಂದ ಎಷ್ಟು, ಆಕಾಶದಿಂದ ಎಷ್ಟು, ಇತರ ಗೋಡೆಗಳಿಂದ ಎಷ್ಟು ಬೆಳಕು ಬರುವುದೆಂದು ಮತ್ತೆ ಗೆರೆಗಳನ್ನು ಎಸೆದು ವಿಚಾರಿಸುವುದು. ಇದಕ್ಕೆ ಕಿರಣಾನುಸರಣವೆಂದು ಹೆಸರಿಡಬಹುದು.

ಈ ಕ್ರಮದಿಂದ ಕೆಲಸಮಾಡುವ ತಂತ್ರಾಂಶಗಳಲ್ಲಿ ‘ರೇಡಿಯನ್ಸ್’ ಎಂಬುದು ಪ್ರಸಿದ್ಧವಾದುದು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಗ್ರೆಗ್ ವಾರ್ಡ್ ಎಂಬವರು ೧೯೮೦ರ ದಶಕದ ಮಧ್ಯಭಾಗದಲ್ಲಿ ಇದನ್ನು ಬರೆಯತೊಡಗಿದರು. ೨೦೦೨ರಲ್ಲಿ ಇದನ್ನು ಮುಕ್ತ ತಂತ್ರಾಂಶವನ್ನಾಗಿ ಮಾಡಲಾಯಿತು. ಮುಕ್ತವೆಂದರೆ ಬೆಲೆಯಿಲ್ಲದ್ದು ಎಂಬಷ್ಟೇ ಅರ್ಥವಲ್ಲ. ಅದನ್ನು ಬರೆದ ಮೂಲಪಾಠವೇ ಎಲ್ಲರ ಕಣ್ಣಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಹಂಚಬಹುದು. ಅಡಿಗೆಯನ್ನು ಬಡಿಸುವುದು ಬೇರೆ, ಅಡಿಗೆಯ ಕ್ರಮವನ್ನೇ ಬರೆದುಕೊಡುವುದು ಬೇರೆ. ಇಲ್ಲಿ ಎರಡೂ ಉಂಟು.

ಇದರ ಚಿತ್ರಗಳು ಸಾಮಾನ್ಯ ಛಾಯಾಚಿತ್ರಗಳಂತೆ ಬಣ್ಣವನ್ನು ಮಾತ್ರ ಹಿಡಿದಿಡುವುದಿಲ್ಲ. ಆಯಾ ದಿಕ್ಕಿನಿಂದ ಬರುವ ಬೆಳಕಿನ ನಿಜವಾದ ಪ್ರಮಾಣವನ್ನೇ ಅಂಕೆಯಾಗಿ ಬರೆದಿಡುವುವು. ಆದುದರಿಂದ ಚಿತ್ರವನ್ನು ನೋಡಬಹುದು, ಅಳೆಯಲೂಬಹುದು.

ಚಿತ್ರವೆಂದರೆ ದಿಕ್ಕುಗಳ ಪಟ್ಟಿ

ಚುಕ್ಕಿ ರಂಗೋಲಿಯನ್ನು ಬಲ್ಲವರಿಗೆ ಗಣಕಯಂತ್ರದ ಚಿತ್ರವನ್ನು ತಿಳಿಯುವುದು ಸುಲಭ. ಚುಕ್ಕಿಗಳನ್ನು ಸಾಲುಸಾಲಾಗಿ ಇಟ್ಟಂತೆ ಚಿತ್ರವೂ ಲಕ್ಷಾಂತರ ಚುಕ್ಕಿಗಳ ಸಾಲು. ಒಂದೊಂದು ಚುಕ್ಕಿಯೂ ಒಂದೇ ಪ್ರಶ್ನೆಯನ್ನು ಕೇಳುವುದು: ನಾನು ಯಾವ ದಿಕ್ಕಿಗೆ ನೋಡಬೇಕು? ದಿಕ್ಕನ್ನು ಹೇಳಿದ ಕೂಡಲೇ ಕಿರಣಾನುಸರಣವು ಆ ಕಡೆಯ ಬೆಳಕನ್ನು ಎಣಿಸಿ ಆ ಚುಕ್ಕಿಯಲ್ಲಿ ತುಂಬುವುದು.

ಹಾಗಾದರೆ ‘ನೋಟ’ವೆಂದರೇನು? ಚುಕ್ಕಿಯ ಸ್ಥಾನವನ್ನು ದಿಕ್ಕಾಗಿ ಮಾರ್ಪಡಿಸುವ ನಿಯಮವೇ ನೋಟ. ನಿಯಮವನ್ನು ಬದಲಿಸಿದರೆ ಚಿತ್ರವು ಬದಲಾಗುವುದು. ಬೆಳಕಿನ ಗಣನೆಯು ಹಿಂದಿನಂತೆಯೇ ಇರುವುದು. ಈ ಒಂದು ಮಾತನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ತಿಳಿಯುವುದು.

ನಮ್ಮ ಕಣ್ಣನ್ನು ನಡುವಿಟ್ಟು ಒಂದು ದೊಡ್ಡ ಗೋಳವನ್ನು ಕಲ್ಪಿಸಿಕೊಳ್ಳಿರಿ. ಪ್ರತಿಯೊಂದು ದಿಕ್ಕೂ ಆ ಗೋಳದ ಮೇಲಿನ ಒಂದು ಬಿಂದು. ಕಿತ್ತಳೆಹಣ್ಣಿನ ಸಿಪ್ಪೆಯನ್ನು ಸುಲಿದು ಮೇಜಿನ ಮೇಲೆ ಒತ್ತಿದರೆ ಅದು ಹರಿಯುವುದು, ಇಲ್ಲವೇ ಸುಕ್ಕಾಗುವುದು. ಗೋಳದ ಮೇಲ್ಮೈಯನ್ನು ಹಿಗ್ಗಿಸದೆ ಕುಗ್ಗಿಸದೆ ಸಮತಲವಾಗಿ ಮಾಡಲು ಸಾಧ್ಯವೇ ಇಲ್ಲವೆಂದು ಜರ್ಮನಿಯ ಗಣಿತಜ್ಞನಾದ ಗೌಸನು ೧೮೨೭ರಲ್ಲಿ ತೋರಿಸಿಕೊಟ್ಟನು. ಆದಕಾರಣ ಪೂರ್ಣವಾಗಿ ನಿರ್ದೋಷವಾದ ನೋಟವು ಇಲ್ಲ. ಯಾವ ಕೆಲಸಕ್ಕೆ ಯಾವ ದೋಷವನ್ನು ಸಹಿಸಬಹುದೆಂದು ತಿಳಿದು ಆರಿಸಿಕೊಳ್ಳುವುದೇ ವಿವೇಕ.

ಕಿಟಕಿಯ ನೋಟ

ಮೊದಲನೆಯದು ನಮಗೆಲ್ಲ ಪರಿಚಿತವಾದ ನೋಟ. ಕಣ್ಣಿನ ಮುಂದೆ ಒಂದು ಗಾಜನ್ನು ನಿಲ್ಲಿಸಿ, ಹಿಂದಿನ ವಸ್ತುವು ಗಾಜಿನ ಮೇಲೆ ಎಲ್ಲಿ ಕಾಣುವುದೋ ಅಲ್ಲಿಯೇ ಬರೆಯುವುದು. ನೇರವಾದ ಗೆರೆಗಳು ಇದರಲ್ಲಿ ನೇರವಾಗಿಯೇ ಉಳಿಯುವುವು. ಅದೇ ಇದರ ಗುಣ. ಆದರೆ ನಡುವಿನಿಂದ ಎಷ್ಟು ದೂರ ಬರೆಯಬೇಕೆಂಬುದು ಕೋನದ ಟ್ಯಾಂಜೆಂಟಿಗೆ ಸರಿಯಾಗಿ ಬೆಳೆಯುವುದು. ೪೫ ಡಿಗ್ರಿಗೆ ಅದು ೧. ೬೦ ಡಿಗ್ರಿಗೆ ೧.೭೩, ೮೦ ಡಿಗ್ರಿಗೆ ೫.೬೭, ೮೯ ಡಿಗ್ರಿಗೆ ೫೭.೨೯. ೯೦ ಡಿಗ್ರಿಯನ್ನು ಮುಟ್ಟುವ ಹಾಳೆಯು ಲೋಕದಲ್ಲಿಲ್ಲ. ಬೆನ್ನಿನ ಹಿಂದಿನ ಕಿಟಕಿಯಂತೂ ಇದರಲ್ಲಿ ಬರುವಂತೆಯೇ ಇಲ್ಲ. ಸುತ್ತಲಿನದೆಲ್ಲವನ್ನೂ ಈ ಬಗೆಯಿಂದ ತೋರಿಸಬೇಕಾದರೆ ಪೆಟ್ಟಿಗೆಯ ಆರು ಮುಖಗಳಂತೆ ಆರು ಚಿತ್ರಗಳನ್ನು ಬರೆಯಬೇಕಾಗುವುದು.

ಕೊಳಗದ ನೋಟ

ಸೊರಬವು ಶ್ರೀಗಂಧದ ಕೆತ್ತನೆಯ ಗುಡಿಗಾರರಿಗೆ ಹೆಸರಾದ ಊರು. ದುಂಡಾದ ಗಂಧದ ಭರಣಿಯೊಂದರ ಪಕ್ಕಕ್ಕೆ ಬಳ್ಳಿಯ ಚಿತ್ರವುಳ್ಳ ಕಾಗದವನ್ನು ಸುತ್ತಿದರೆ ಒಂದು ಸುಕ್ಕೂ ಬೀಳದೆ ಕೂಡುವುದು. ಅದರ ಉಬ್ಬಿದ ಮುಚ್ಚಳಕ್ಕೆ ಅದೇ ಕಾಗದವನ್ನು ಹೊದಿಸಲು ಹೋದರೆ ಮಡಿಕೆಗಳು ಬೀಳುವುವು. ಕೊಳಗದಂಥ ಆಕೃತಿಯನ್ನು ಬಿಚ್ಚಿ ಹಾಸಬಹುದು, ಗೋಳವನ್ನು ಹಾಸಲಾಗದು ಎಂಬ ಗೌಸನ ಮಾತಿಗೆ ಇದೇ ದೃಷ್ಟಾಂತ.

ಈ ಗುಣವನ್ನು ಹಿಡಿದು ಹುಟ್ಟಿದ್ದೇ ಸುತ್ತುನೋಟ, ಎಂದರೆ ಪನೋರಮಾ. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರನು ೧೭೮೭ರಲ್ಲಿ ಇದಕ್ಕೆ ಸನ್ನದು ಪಡೆದು, ೧೭೯೩ರಲ್ಲಿ ಲಂಡನ್ನಿನ ಲೀಸ್ಟರ್ ಚೌಕದಲ್ಲಿ ದುಂಡಾದ ಕಟ್ಟಡವನ್ನೇ ಕಟ್ಟಿಸಿದನು. ನೋಡುವವರು ನಡುವೆ ನಿಲ್ಲುವರು. ಚಿತ್ರವು ಸುತ್ತಲೂ ಗೋಡೆಯಾಗಿರುವುದು. ನಮ್ಮ ನಾಡಿನ ಒಂದು ದುಃಖದ ಘಟನೆಯೂ ಇಂಥ ವಿಶಾಲಚಿತ್ರಕ್ಕೆ ವಸ್ತುವಾಯಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದುದನ್ನು ರಾಬರ್ಟ್ ಕೆರ್ ಪೋರ್ಟರನು ೧೮೦೦ರಲ್ಲಿ ಸುಮಾರು ೧೨೦ ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶಿಸಿದನು. ಆತನು ಶ್ರೀರಂಗಪಟ್ಟಣವನ್ನು ಕಣ್ಣಾರೆ ಕಂಡವನಲ್ಲ. ಸುತ್ತಲೂ ಹಬ್ಬಿದ ಚಿತ್ರವು ಕಂಡದ್ದೆಲ್ಲ ಸತ್ಯವೆಂಬ ಭ್ರಮೆಯನ್ನು ಎಷ್ಟು ಸುಲಭವಾಗಿ ಹುಟ್ಟಿಸಬಲ್ಲದೆಂಬುದನ್ನು ಇದರಿಂದ ಅರಿಯಬೇಕು. ನಮ್ಮ ಕಾಲದಲ್ಲಿ, ೨೦೦೬ರಲ್ಲಿ, ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಎಂಬವರು ಹಂಪೆಯ ಸುತ್ತುನೋಟದ ಛಾಯಾಚಿತ್ರಗಳನ್ನು ಕೊಳಗದಾಕಾರದ ದೊಡ್ಡ ಪರದೆಯ ಮೇಲೆ ತೋರಿಸಿದರು. ಅಲ್ಲಿ ಹಂಪೆಯ ಸ್ಥಳಕ್ಕೇ ಹೋಗಿ ತೆಗೆದ ಚಿತ್ರಗಳಿದ್ದುವು.

ರೇಡಿಯನ್ಸಿನಲ್ಲಿಯೂ ಕೊಳಗದ ನೋಟವುಂಟು. ಅಡ್ಡಲಾಗಿ ಪೂರ್ಣ ೩೬೦ ಡಿಗ್ರಿಯನ್ನೂ ಅದು ಸಮವಾಗಿ ಹರಡುವುದು. ಎತ್ತರದಲ್ಲಿ ಮಾತ್ರ ಮತ್ತೆ ಟ್ಯಾಂಜೆಂಟೇ ಆಳುವುದು. ಕೊಳಗಕ್ಕೆ ಪಕ್ಕದ ಗೋಡೆಯುಂಟು. ಬಾಯಿಗೂ ತಳಕ್ಕೂ ಚಿತ್ರವಿಲ್ಲ.

ನಮ್ಮ ಸೀಮೆಯ ಸೂರ್ಯ

ಕೊಳಗದ ಬಾಯಿ ತೆರೆದಿದ್ದರೆ ನಷ್ಟವೇನು? ಲಂಡನ್ನಿನವರಿಗೆ ಅಷ್ಟು ನಷ್ಟವಿಲ್ಲ. ಜೂನ್ ೨೧ರ ಮಧ್ಯಾಹ್ನದಲ್ಲಿಯೂ ಅಲ್ಲಿಯ ಸೂರ್ಯನು ದಿಗಂತದಿಂದ ೬೨ ಡಿಗ್ರಿಗಿಂತ ಮೇಲೇರನು. ಕೊಳಗದ ಅರ್ಧವ್ಯಾಸವು ಒಂದು ಮೊಳವಾದರೆ, ಕಣ್ಣಿನ ಮಟ್ಟದಿಂದ ಸುಮಾರು ೧.೯ ಮೊಳ ಎತ್ತರದಲ್ಲಿ ವರ್ಷದ ಅತ್ಯುನ್ನತ ಸೂರ್ಯನೂ ಚಿತ್ರದೊಳಗೆ ಬಂದುಬಿಡುವನು.

ಶಿಕಾರಿಪುರ ಮತ್ತು ಸೊರಬಗಳ ಸ್ಥಿತಿಯೇ ಬೇರೆ. ಇವು ಭೂಮಧ್ಯರೇಖೆಯಿಂದ ಉತ್ತರಕ್ಕೆ ೧೪ ಡಿಗ್ರಿಗೆ ಸ್ವಲ್ಪ ಮೇಲಿರುವುವು. ಹಗಲಿರುಳು ಸಮವಾದ ಮಾರ್ಚ್ ಮತ್ತು ಸೆಪ್ಟೆಂಬರ್ ದಿನಗಳಲ್ಲಿ ಇಲ್ಲಿಯ ಮಧ್ಯಾಹ್ನದ ಸೂರ್ಯನು ಸುಮಾರು ೭೬ ಡಿಗ್ರಿಯಷ್ಟು ಮೇಲಿರುವನು. ಅವನನ್ನು ಹಿಡಿಯಲು ಕೊಳಗವು ನಾಲ್ಕು ಮೊಳ ಏಳಬೇಕು. ಏಪ್ರಿಲ್ ಕೊನೆಯ ದಿನಗಳಲ್ಲಿ ಅವನು ನೆತ್ತಿಯ ಮೇಲೆಯೇ ಹಾಯುವನು. ಆಗ ಎಷ್ಟು ಎತ್ತರದ ಕೊಳಗವೂ ಸಾಲದು. ಅಲ್ಲಿಂದ ಆಗಸ್ಟ್ ನಡುಭಾಗದವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ಇರುವನು. ಜೂನ್ ೨೧ರಂದು ಉತ್ತರ ದಿಕ್ಕಿನಲ್ಲಿ ಅವನ ಎತ್ತರ ಸುಮಾರು ೮೧ ಡಿಗ್ರಿ. ಡಿಸೆಂಬರಿನಲ್ಲಿ ಮಾತ್ರ ದಕ್ಷಿಣದಲ್ಲಿ ೫೨ ಡಿಗ್ರಿಗೆ ಇಳಿಯುವನು.

ಮೋಡ ಮುಚ್ಚಿದ ಆಕಾಶದಲ್ಲಿಯೂ ನೆತ್ತಿಯೇ ಪ್ರಧಾನ. ಪ್ಯಾರಿ ಮೂನ್ ಎಂಬವರೂ ಡೊಮಿನಾ ಎಬರ್ಲಿ ಸ್ಪೆನ್ಸರ್ ಎಂಬ ಗಣಿತಜ್ಞೆಯೂ ೧೯೪೨ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ, ದಟ್ಟವಾಗಿ ಮೋಡ ಕವಿದ ಆಕಾಶವು ದಿಗಂತದಲ್ಲಿರುವುದಕ್ಕಿಂತ ನೆತ್ತಿಯಲ್ಲಿ ಮೂರರಷ್ಟು ಬೆಳಗುವುದು. ನಮ್ಮ ಶಾಲೆಗಳು ಜೂನಿನಲ್ಲಿ ತೆರೆಯುವುವು. ಮಲೆನಾಡಿನ ಅಂಚಿನ ಮಳೆಯೂ ಆಗಲೇ ಹಿಡಿಯುವುದು. ಬಿಸಿಲಿರಲಿ ಮೋಡವಿರಲಿ, ನಮ್ಮ ಬೆಳಕಿನ ಭಂಡಾರವು ತಲೆಯ ಮೇಲಿದೆ. ಅದನ್ನು ಬಿಟ್ಟುಬಿಡುವ ಸುತ್ತುನೋಟವು ಬೇರೆ ದೇಶಕ್ಕೆ ಒಪ್ಪಿದರೂ ನಮ್ಮ ಸೀಮೆಗೆ ಒಪ್ಪದು. ಹೊಸ ನೋಟಗಳು ನಮಗೆ ಏಕೆ ಬೇಕೆಂಬುದಕ್ಕೆ ಇದೇ ಮುಖ್ಯವಾದ ಉತ್ತರ.

ಅರ್ಧಗೋಳದ ನೋಟ

ತೆಂಗಿನ ಕರಟವೊಂದನ್ನು ಬೋರಲು ಹಾಕಿ ಮೇಲಿನಿಂದ ನೇರವಾಗಿ ನೋಡಿದರೆ ದುಂಡನೆಯ ತಟ್ಟೆಯಂತೆ ಕಾಣುವುದು. ತುದಿಯ ಭಾಗವು ವಿಶಾಲವಾಗಿಯೂ ಅಂಚಿನ ಭಾಗವು ಕಿರಿದಾಗಿಯೂ ತೋರುವುದು. ಆಕಾಶದ ಅರ್ಧಗೋಳವನ್ನು ಹೀಗೆ ತಟ್ಟೆಯಾಗಿ ಬರೆಯುವುದು ಎರಡನೆಯ ಬಗೆಯ ಸುತ್ತುನೋಟ. ಇದರಲ್ಲಿ ನಡುವಿನಿಂದ ದೂರವು ಕೋನದ ಸೈನಿಗೆ ಸರಿಯಾಗಿರುವುದು: ೩೦ ಡಿಗ್ರಿಗೆ ೦.೫, ೬೦ ಡಿಗ್ರಿಗೆ ೦.೮೭, ೯೦ ಡಿಗ್ರಿಗೆ ೧.

ಅಂಚು ಕುಗ್ಗುವುದು ದೋಷವೆಂದು ತೋರಬಹುದು. ಆದರೆ ಅದರಲ್ಲಿಯೇ ಒಂದು ಅಪೂರ್ವ ಗುಣವಿದೆ. ಮೇಜಿನ ಮೇಲೆ ಮಲಗಿಸಿದ ಪುಸ್ತಕಕ್ಕೆ ನೇರವಾಗಿ ಮೇಲಿನಿಂದ ಬಂದ ಬೆಳಕು ಪೂರ್ತಿಯಾಗಿ ದಕ್ಕುವುದು. ಓರೆಯಾಗಿ ಬಂದದ್ದು ಹರಡಿ ತೆಳುವಾಗುವುದು. ಎಷ್ಟು ತೆಳುವಾಗುವುದೋ ಅಷ್ಟೇ ಪ್ರಮಾಣದಲ್ಲಿ ಈ ನೋಟವು ಆ ಭಾಗವನ್ನು ಕುಗ್ಗಿಸುವುದು. ಆದುದರಿಂದ ಪುಸ್ತಕದ ಸ್ಥಳದಿಂದ ಮೇಲಕ್ಕೆ ನೋಡಿ ಇಂಥ ಚಿತ್ರವನ್ನು ಮಾಡಿದರೆ, ತಟ್ಟೆಯಲ್ಲಿ ಯಾವ ಕಿಟಕಿಯು ಎಷ್ಟು ಜಾಗ ಹಿಡಿದಿದೆಯೋ ಅದನ್ನು ಅದರ ಹೊಳಪಿನೊಡನೆ ಗುಣಿಸಿದರೆ ಪುಸ್ತಕಕ್ಕೆ ಅದರ ಕೊಡುಗೆ ಎಷ್ಟೆಂಬುದು ತಾನೇ ತಿಳಿಯುವುದು.

ಒಂದು ಲೆಕ್ಕವನ್ನು ನೋಡಿರಿ. ನೆತ್ತಿಯಿಂದ ೬೦ ಡಿಗ್ರಿಯೊಳಗಿನ ಆಕಾಶವು ಅರ್ಧಗೋಳದ ಸರಿಯಾಗಿ ಅರ್ಧ. ಉಳಿದರ್ಧವು ದಿಗಂತದ ಸುತ್ತಲಿನ ಪಟ್ಟಿ. ಆಕಾಶವು ಎಲ್ಲೆಡೆ ಸಮವಾಗಿ ಬೆಳಗುವುದಾದರೂ, ಮಲಗಿಸಿದ ಪುಸ್ತಕಕ್ಕೆ ಮೊದಲನೆಯ ಅರ್ಧದಿಂದ ನೂರಕ್ಕೆ ೭೫ ಪಾಲೂ ಎರಡನೆಯ ಅರ್ಧದಿಂದ ನೂರಕ್ಕೆ ೨೫ ಪಾಲೂ ಬೆಳಕು ಬರುವುದು.

ಇದನ್ನು ಒಂದು ತರಗತಿಗೆ ಅನ್ವಯಿಸೋಣ. ಕಿಟಕಿಯ ಮೇಲಂಚು ನೆಲದಿಂದ ೨.೧ ಮೀಟರ್, ಬರೆಯುವ ಮೇಜು ೦.೭ ಮೀಟರ್ ಎತ್ತರ ಇರಲಿ. ಕಿಟಕಿಯಿಂದ ೧.೪ ಮೀಟರ್ ದೂರದ ಮೇಜಿಗೆ ಆ ಮೇಲಂಚು ೪೫ ಡಿಗ್ರಿ ಎತ್ತರದಲ್ಲಿ ಕಾಣುವುದು. ಅಲ್ಲಿಯ ಆಕಾಶದ ತುಣುಕು ತನ್ನ ಬೆಳಕಿನಲ್ಲಿ ೦.೭೧ ಪಾಲನ್ನು ಪುಸ್ತಕಕ್ಕೆ ಕೊಡುವುದು. ೭ ಮೀಟರ್ ದೂರದ ಮೇಜಿಗೆ ಅದೇ ಮೇಲಂಚು ಸುಮಾರು ೧೧ ಡಿಗ್ರಿಯಲ್ಲಿ ಕಾಣುವುದು. ಕೊಡುವ ಪಾಲು ೦.೨ ಮಾತ್ರ. ಕಿಟಕಿಯೂ ಚಿಕ್ಕದಾಗಿ ಕಾಣುವುದರಿಂದ ನಷ್ಟವು ಇನ್ನೂ ಹೆಚ್ಚು. ಮೇಲಂಚನ್ನು ೨.೮ ಮೀಟರಿಗೆ ಏರಿಸಿದರೆ ದೂರದ ಮೇಜಿನಿಂದ ಅದು ಸುಮಾರು ೧೭ ಡಿಗ್ರಿಯಲ್ಲಿ ಕಾಣುವುದು, ಪಾಲು ೦.೨೯ ಆಗುವುದು. ತರಗತಿಯಲ್ಲಿ ಓದುಬರಹಕ್ಕೆ ಸುಮಾರು ೩೦೦ ಲಕ್ಸ್ ಬೆಳಕು ಬೇಕೆಂದು ಸಾಮಾನ್ಯವಾಗಿ ಎಣಿಸುವರು. ತರಗತಿಯ ಬಾಗಿಲಲ್ಲಿ ನಿಂತು ತೆಗೆದ ಒಂದು ಅಂದವಾದ ಚಿತ್ರವನ್ನು ನೋಡಿ ಬೆಳಕು ಸಾಕೆಂದು ತೀರ್ಮಾನಿಸಿದರೆ ಕಡೆಯ ಸಾಲಿನವಳಿಗೆ ಅನ್ಯಾಯವಾಗುವುದು. ಅವಳ ಪುಸ್ತಕದ ಸ್ಥಳದಲ್ಲಿ ಕಣ್ಣನ್ನಿಟ್ಟು ನೋಡಿದರೆ ಮಾತ್ರ ನ್ಯಾಯವಾದ ಉತ್ತರ ದೊರೆಯುವುದು.

ಪೂರ್ಣಗೋಳದ ನೋಟ

ಅರ್ಧಗೋಳದ ನೋಟವು ನೆಲವನ್ನು ಬಿಟ್ಟುಬಿಡುವುದು. ಅದರಿಂದ ಬರುವ ಕೊರತೆಯನ್ನು ತಿಳಿಯಲು ಸೊರಬ ತಾಲ್ಲೂಕಿನ ಆನವಟ್ಟಿಯ ಬಳಿಯ ಕೋಟಿಪುರಕ್ಕೆ ಹೋಗಬೇಕು. ಅಲ್ಲಿಯ ಕೈಟಭೇಶ್ವರ ದೇವಾಲಯವು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಸುಮಾರು ೧೧೦೦ರಲ್ಲಿ, ಕಟ್ಟಲ್ಪಟ್ಟದ್ದು. ಕಡೆದಂತೆ ನುಣುಪಾದ ಕಂಬಗಳ ತೆರೆದ ಮಂಟಪವು ಅದಕ್ಕಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯವೂ ಚಾಲುಕ್ಯರ ಕಾಲದ್ದೇ. ನಮ್ಮ ಧರ್ಮಾಚರಣೆ ಯಾವುದೇ ಆಗಿರಲಿ, ಇಂಥ ಶಿಲ್ಪವು ನಾಡಿಗೆಲ್ಲ ಸೇರಿದ ಸೊತ್ತು.

ತೆರೆದ ಮಂಟಪದ ನಡುವೆ ನಿಂತವರಿಗೆ ಸೂರ್ಯನು ಕಾಣನು. ಕಲ್ಲಿನ ಛಾವಣಿಯು ಮರೆಮಾಡಿರುವುದು. ಆದರೂ ಛಾವಣಿಯ ಅಡಿಭಾಗವು ಪೂರ್ತಿ ಕತ್ತಲೆಯಾಗಿರುವುದಿಲ್ಲ. ಆಕಾಶಕ್ಕೆ ಬೆನ್ನು ಮಾಡಿದ ಆ ಕಲ್ಲಿಗೆ ಬೆಳಕೆಲ್ಲಿಂದ? ಹೊರಗಿನ ನೆಲದ ಮೇಲೆ ಬಿದ್ದ ಬಿಸಿಲು ಅಲ್ಲಿಂದ ಚಿಮ್ಮಿ ಕೆಳಗಿನಿಂದ ಮೇಲಕ್ಕೆ ಬರುವುದು. ನೆಲವು ಹುಲ್ಲಾಗಿದ್ದರೆ ಒಂದು ಬಗೆ, ಬಿಳಿಯ ಚಪ್ಪಡಿಯಾದರೆ ಇನ್ನೊಂದು ಬಗೆ. ಸುತ್ತಲಿನ ಅಂಗಳವನ್ನು ಬದಲಿಸಿದವರು ತಮಗರಿಯದೆಯೇ ಛಾವಣಿಯ ಬೆಳಕನ್ನು ಬದಲಿಸುವರು. ಇಂಥ ಸ್ಥಳದ ಬೆಳಕನ್ನು ಅರಿಯಬೇಕಾದರೆ ಮೇಲಿನ ಅರ್ಧಗೋಳವೂ ಬೇಕು, ಕೆಳಗಿನದೂ ಬೇಕು. ಕಂಬಕ್ಕೆ ಒಂದು ಮೊಳೆಯನ್ನೂ ಹೊಡೆಯದೆ, ಅಂಗಳದ ಒಂದು ಕಲ್ಲನ್ನೂ ಕದಲಿಸದೆ, ಮುಂದಾಗುವ ಬದಲಾವಣೆಯನ್ನು ಗಣನೆಯಲ್ಲಿಯೇ ನೋಡಿಕೊಳ್ಳಬಹುದಾದದ್ದು ಈ ಶಾಸ್ತ್ರದ ದೊಡ್ಡ ಉಪಕಾರ.

ಎಲ್ಲ ದಿಕ್ಕುಗಳನ್ನೂ ಒಂದೇ ಹಾಳೆಗೆ ತರುವ ಅತ್ಯಂತ ಸರಳವಾದ ನಿಯಮವು ಭೂಪಟದ್ದೇ. ಅಡ್ಡಲಾಗಿ ೩೬೦ ಡಿಗ್ರಿ, ಉದ್ದಲಾಗಿ ೧೮೦ ಡಿಗ್ರಿ. ಎರಡನ್ನೂ ಸಮಭಾಗಗಳಾಗಿ ಹಂಚುವುದು. ಚಿತ್ರದ ಅಗಲವು ಎತ್ತರದ ಎರಡರಷ್ಟಾಗುವುದು. ಅಗಲ ೨೦೦೦ ಚುಕ್ಕಿ, ಎತ್ತರ ೧೦೦೦ ಚುಕ್ಕಿ ಇದ್ದರೆ ಒಂದೊಂದು ಚುಕ್ಕಿಗೂ ೦.೧೮ ಡಿಗ್ರಿ. ಪೂರ್ವಕ್ಕೆ ಮುಖಮಾಡಿ ನಿಂತಿರುವೆವೆಂದು ಭಾವಿಸೋಣ. ಚಿತ್ರದ ನಡುವೆ ಪೂರ್ವ ದಿಕ್ಕು. ಎಡದಿಂದ ೧೫೦೦ನೆಯ, ಮೇಲಿನಿಂದ ೨೫೦ನೆಯ ಚುಕ್ಕಿಯು ಎಲ್ಲಿ ನೋಡಬೇಕು? ನಡುವಿನಿಂದ ಬಲಕ್ಕೆ ೫೦೦ ಚುಕ್ಕಿ, ಎಂದರೆ ೯೦ ಡಿಗ್ರಿ, ಅದು ದಕ್ಷಿಣ. ಮೇಲಿನಿಂದ ೨೫೦ ಚುಕ್ಕಿಯೆಂದರೆ ನೆತ್ತಿಯಿಂದ ೪೫ ಡಿಗ್ರಿ ಕೆಳಗೆ. ಆದುದರಿಂದ ದಕ್ಷಿಣಕ್ಕೆ ತಿರುಗಿ ೪೫ ಡಿಗ್ರಿ ಮೇಲಕ್ಕೆ ನೋಡಬೇಕು.

ಇದರ ದೋಷವನ್ನೂ ಹೇಳಬೇಕು. ಮೇಲಿನ ಸಾಲಿನ ೨೦೦೦ ಚುಕ್ಕಿಗಳೂ ನೆತ್ತಿಯೊಂದನ್ನೇ ನೋಡುವುವು. ೬೦ ಡಿಗ್ರಿಗಿಂತ ಮೇಲಿನ ಆಕಾಶವು ಪೂರ್ಣಗೋಳದ ಹದಿನೈದರಲ್ಲೊಂದು ಪಾಲಿನಷ್ಟಿದ್ದರೂ ಈ ಚಿತ್ರದಲ್ಲಿ ಆರರಲ್ಲೊಂದು ಪಾಲನ್ನು ಹಿಡಿಯುವುದು. ಆದಕಾರಣ ಚುಕ್ಕಿಗಳ ಬೆಳಕನ್ನು ಸುಮ್ಮನೆ ಕೂಡಿಸಿ ಸರಾಸರಿ ತೆಗೆಯಬಾರದು. ಒಂದೊಂದು ಸಾಲನ್ನೂ ಅದರ ಎತ್ತರದ ಕೋನದ ಕೊಸೈನಿನಿಂದ ಗುಣಿಸಿ ಆಮೇಲೆ ಕೂಡಿಸತಕ್ಕದ್ದು.

ಹೊಸ ನೋಟವನ್ನು ಸೇರಿಸುವ ಕ್ರಮ

ರೇಡಿಯನ್ಸಿನೊಳಗೆ ಆರು ಬಗೆಯ ನೋಟಗಳಿರುವುವು: ಕಿಟಕಿಯ ನೋಟ, ಸಮಾನಾಂತರ ನೋಟ, ಕೊಳಗದ ನೋಟ, ಅರ್ಧಗೋಳದ ನೋಟ, ನಡುವಿನಿಂದ ದೂರವು ಕೋನಕ್ಕೇ ಸರಿಯಾಗಿರುವ ದುಂಡು ನೋಟ, ಹಳೆಯ ನಕ್ಷತ್ರಪಟಗಳಲ್ಲಿ ಬಳಸುತ್ತಿದ್ದ ಖಗೋಳಪಟದ ನೋಟ. ಮೇಲೆ ಹೇಳಿದ ಭೂಪಟದಂಥ ನೋಟವು ಈ ಆರರಲ್ಲಿ ಸೇರಿದುದಲ್ಲ. ಅದನ್ನು ಪಡೆಯಲು ಎರಡು ದಾರಿಗಳುಂಟು.

ಮೊದಲನೆಯದು ಹೊರಗಿನ ದಾರಿ. ರೇಡಿಯನ್ಸಿನ ಭಾಗಗಳಲ್ಲಿ ‘ಆರ್‌ಟ್ರೇಸ್’ ಎಂಬುದು ಚಿತ್ರವನ್ನೇ ಕೇಳುವುದಿಲ್ಲ. ಕಿರಣಗಳ ಪಟ್ಟಿಯನ್ನು ಕೊಟ್ಟರೆ ಸಾಕು. ಒಂದು ಕಿರಣಕ್ಕೆ ಆರು ಅಂಕೆಗಳು: ಕಣ್ಣಿನ ಸ್ಥಾನಕ್ಕೆ ಮೂರು, ದಿಕ್ಕಿಗೆ ಮೂರು. ಮೇಲಿನ ಉದಾಹರಣೆಯ ದಿಕ್ಕನ್ನು ಪೂರ್ವ, ದಕ್ಷಿಣ, ಊರ್ಧ್ವ ಎಂಬ ಮೂರು ಭಾಗಗಳಾಗಿ ಬರೆದರೆ ೦, ೦.೭೧, ೦.೭೧ ಆಗುವುದು. ಇಪ್ಪತ್ತು ಲಕ್ಷ ಚುಕ್ಕಿಗಳಿಗೆ ಇಪ್ಪತ್ತು ಲಕ್ಷ ಸಾಲುಗಳನ್ನು ಸಣ್ಣದೊಂದು ಕ್ರಮವಿಧಿಯಿಂದ ಬರೆಯಿಸಿ ಕೊಟ್ಟರೆ, ಅಷ್ಟೇ ಸಂಖ್ಯೆಯ ಬೆಳಕಿನ ಪ್ರಮಾಣಗಳು ಅದೇ ಕ್ರಮದಲ್ಲಿ ಹಿಂದಿರುಗಿ ಬರುವುವು. ಅವನ್ನು ಸಾಲಾಗಿ ಜೋಡಿಸಿದರೆ ಚಿತ್ರವಾಯಿತು. ತಂತ್ರಾಂಶದ ಒಂದಕ್ಷರವನ್ನೂ ಇಲ್ಲಿ ಬದಲಿಸಬೇಕಾಗಿಲ್ಲ.

ಎರಡನೆಯದು ಒಳಗಿನ ದಾರಿ. ಸಿ ಭಾಷೆಯಲ್ಲಿ ಬರೆದಿರುವ ಮೂಲಪಾಠದೊಳಗೆ ನೋಟಕ್ಕೆ ಸಂಬಂಧಿಸಿದ ಮೂರು ವಿಧಿಗಳುಂಟು. ‘ಸೆಟ್‌ವ್ಯೂ’ ಎಂಬುದು ಕೇಳಿದ ನೋಟದ ಅಗಲ ಎತ್ತರಗಳು ಸಾಧ್ಯವೇ ಎಂದು ಪರೀಕ್ಷಿಸುವುದು. ಕೊಳಗದ ನೋಟಕ್ಕೆ ೧೮೦ ಡಿಗ್ರಿ ಎತ್ತರವನ್ನು ಕೇಳಿದರೆ ಒಪ್ಪದು. ‘ವ್ಯೂರೇ’ ಎಂಬುದು ಚುಕ್ಕಿಯಿಂದ ದಿಕ್ಕನ್ನು ಹೇಳುವುದು. ‘ವ್ಯೂಲೊಕ್’ ಎಂಬುದು ತಿರುಗುಮುರುಗು: ಲೋಕದಲ್ಲಿರುವ ವಸ್ತುವು ಚಿತ್ರದ ಯಾವ ಚುಕ್ಕಿಯಲ್ಲಿ ಬೀಳುವುದೆಂದು ಹೇಳುವುದು. ಈಗಾಗಲೇ ಮಾಡಿದ ಚಿತ್ರಗಳಿಂದ ಹೊಸ ಸ್ಥಾನದ ಚಿತ್ರವನ್ನು ಹೊಂದಿಸುವ ಭಾಗಕ್ಕೆ ಈ ಹಿಮ್ಮುಖ ನಿಯಮವು ಅವಶ್ಯಕ. ಹೊಸ ನೋಟವನ್ನು ಸೇರಿಸುವವರು ಮೂರು ಕಡೆಗಳಲ್ಲಿಯೂ ಅದರ ನಿಯಮವನ್ನು ಬರೆಯಬೇಕು. ಹೋಗುವ ದಾರಿಯನ್ನು ಬರೆದು ಬರುವ ದಾರಿಯನ್ನು ಮರೆಯಬಾರದು.

ಬರೆದ ಮೇಲೆ ಪರೀಕ್ಷೆಯಾಗಬೇಕು. ಒಂದು ಚುಕ್ಕಿಯಿಂದ ದಿಕ್ಕನ್ನು ತಿಳಿದು, ಆ ದಿಕ್ಕಿನಿಂದ ಮತ್ತೆ ಚುಕ್ಕಿಗೆ ಬಂದರೆ ಹೊರಟಲ್ಲಿಗೇ ತಲಪಬೇಕು. ಇದು ಮೊದಲನೆಯ ಪರೀಕ್ಷೆ. ಒಳಗೆಲ್ಲ ಸಮವಾಗಿ ಬೆಳಗುವ ಗೋಳದ ನಡುವೆ ಕಣ್ಣನ್ನಿಟ್ಟರೆ ಎಲ್ಲ ಚುಕ್ಕಿಗಳೂ ಸಮವಾಗಿ ಬೆಳಗಬೇಕು, ಇದು ಎರಡನೆಯದು. ಆದರೆ ಎಡಬಲಗಳು ಅದಲುಬದಲಾಗಿದ್ದರೆ ಈ ಎರಡು ಪರೀಕ್ಷೆಗಳಿಗೂ ತಿಳಿಯದು. ಆದುದರಿಂದ ನಾಲ್ಕು ದಿಕ್ಕುಗಳಲ್ಲಿಯೂ ಮೇಲೆ ಕೆಳಗೂ ಬೇರೆ ಬೇರೆ ಬಣ್ಣದ ಗುರುತುಗಳನ್ನಿಟ್ಟು, ಅವು ತಮ್ಮ ತಮ್ಮ ಸ್ಥಾನದಲ್ಲಿ ಕಾಣುವುವೇ ಎಂದು ನೋಡುವುದು ಮೂರನೆಯದು. ಮೂರರಲ್ಲಿಯೂ ತೇರ್ಗಡೆಯಾದ ನೋಟವನ್ನು ನಂಬಬಹುದು.

ಉಪಸಂಹಾರ

ಮೇಲಿನ ಗಣಿತದಲ್ಲಿ ಪ್ರೌಢಶಾಲೆಯ ತ್ರಿಕೋನಮಿತಿಯನ್ನು ಮೀರಿದುದು ಯಾವುದೂ ಇಲ್ಲ. ಸೈನ್, ಕೊಸೈನ್, ಟ್ಯಾಂಜೆಂಟ್ ಇವುಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆಯುವ ವಿದ್ಯಾರ್ಥಿನಿಯರು ಅನೇಕರು. ಅವೇ ಮೂರು ಸಾಧನಗಳಿಂದ ತಮ್ಮ ಊರಿನ ಶಾಲೆಗೆ ಕಿಟಕಿಯೆಲ್ಲಿರಬೇಕೆಂದು ಹೇಳಬಹುದು. ಹಳೆಯ ಮಂಟಪದ ಅಂಗಳವನ್ನು ಹೇಗೆ ಕಾಪಾಡಬೇಕೆಂದು ಹೇಳಬಹುದು. ತಂತ್ರಾಂಶದ ಪುಸ್ತಕವು ತೆರೆದಿದೆ. ಅದಕ್ಕೆ ಒಂದು ಪುಟವನ್ನು ಸೇರಿಸುವ ಹಕ್ಕು ಸೊರಬದ ಹುಡುಗಿಗೂ ಉಂಟು. ಚಿತ್ರವನ್ನು ತೋರಿಸಿ ಬೆಳಕು ಚೆನ್ನಾಗಿದೆಯೆಂದು ಯಾರಾದರೂ ಹೇಳಿದರೆ, ಈ ನೋಟವು ಯಾವ ದಿಕ್ಕನ್ನು ಬಿಟ್ಟಿದೆಯೆಂದು ವಿನಯದಿಂದ ಕೇಳುವ ಅಭ್ಯಾಸವನ್ನಾದರೂ ನಮ್ಮ ವಿದ್ಯಾರ್ಥಿನಿಯರು ಬೆಳೆಸಿಕೊಳ್ಳಲಿ.

ಅಭ್ಯಾಸಕ್ಕೆ ಪ್ರಶ್ನೆಗಳು

೧. ೨೦೦೦ ಅಗಲ, ೧೦೦೦ ಎತ್ತರದ ಪೂರ್ಣಗೋಳದ ಚಿತ್ರದಲ್ಲಿ, ನಡುವೆ ಪೂರ್ವ ದಿಕ್ಕಿರುವಾಗ, ಡಿಸೆಂಬರ್ ೨೧ರ ಮಧ್ಯಾಹ್ನ ಸೊರಬದ ಸೂರ್ಯನು ಎಲ್ಲಿ ಕಾಣುವನು? (ಉತ್ತರ: ಎಡದಿಂದ ೧೫೦೦, ಮೇಲಿನಿಂದ ಸುಮಾರು ೨೧೧.)

೨. ಜೂನ್ ೨೧ರ ಮಧ್ಯಾಹ್ನ ಎಲ್ಲಿ ಕಾಣುವನು? (ಉತ್ತರ: ಎಡದಿಂದ ೫೦೦, ಮೇಲಿನಿಂದ ಸುಮಾರು ೫೦.)

೩. ಅರ್ಧಗೋಳದ ನೋಟದಲ್ಲಿ ನೆತ್ತಿಯಿಂದ ೩೦ ಡಿಗ್ರಿಯೊಳಗಿನ ಆಕಾಶವು ತಟ್ಟೆಯ ಎಷ್ಟು ಪಾಲನ್ನು ಹಿಡಿಯುವುದು? (ಉತ್ತರ: ನಾಲ್ಕರಲ್ಲೊಂದು.)

೪. ನಿಮ್ಮ ತರಗತಿಯ ಕಿಟಕಿಯ ಮೇಲಂಚಿನ ಎತ್ತರವನ್ನೂ ಕಡೆಯ ಮೇಜಿನ ದೂರವನ್ನೂ ಅಳೆದು, ಆ ಮೇಲಂಚಿನ ಬಳಿಯ ಆಕಾಶವು ಆ ಮೇಜಿಗೆ ತನ್ನ ಬೆಳಕಿನ ಎಷ್ಟು ಪಾಲನ್ನು ಕೊಡುವುದೆಂದು ಲೆಕ್ಕ ಮಾಡಿರಿ. (ಉತ್ತರವನ್ನು ನಿಮ್ಮ ಅಧ್ಯಾಪಕಿಯವರಿಗೆ ತೋರಿಸಿರಿ.)